ಪಾಪ ಅನ್ನದ ಚೆಕ್ಕರ್

ಬೆಳ್ತಂಗಡಿ ಪೇಟೆಯ ಬೀಡಿ ಬ್ರಾಂಚಿನ ಎದುರು ಹುಕ್ರಪ್ಪನ ಎತ್ತಿನ ಗಾಡಿ ಬಂದು ನಿಂತಾಗ ಬೆಳಗಿನ ಒಂಬತ್ತು ಗಂಟೆ. ಕಟ್ಟಿದ ಬೀಡಿ ಕೊಡಲು ಬಂದ ಹೆಂಗಸರ ಸಾಲು ಬಾಗಿಲಿನಿಂದ ರಸ್ತೆಯವರೆಗೆ ಇತ್ತು. ಗಾಡಿಯೊಳಗೆ ಬೈಹುಲ್ಲಿನ ಮೇಲೆ ಕಾಲು ಚಾಚಿ ಕುಳಿತ ಹುಡುಗಿಯನ್ನು ಕಂಡದ್ದೇ ಆ ಸಾಲಿನ ಮಾತೆಲ್ಲ ನಿಂತುಹೋಯಿತು.

ಅವಳು ಪಕ್ಕದ ಲಾಯಿಲ ಊರಿನ ಪ್ರೇಮಾವತಿ. ವಯಸ್ಸು ಇಪ್ಪತ್ತೊಂದು. ಮಂಗಳೂರಿನ ಆಸ್ಪತ್ರೆಯಿಂದ ಬಂದ ಮೇಲೆ ಹನ್ನೊಂದು ತಿಂಗಳು ಮನೆಯ ಹೊಸಿಲು ದಾಟದವಳು. ಇವತ್ತು ದಾಟಿದ್ದಳು... ಸಿಟ್ಟಿನಲ್ಲಿ!

“ಚೆಕ್ಕರ್ ಯಾರು? ಸ್ವಲ್ಪ ಹೊರಗೆ ಬರ್ಲಿಕ್ಕೆ ಹೇಳಿ,” ಅಂದಳು.

ಒಳಗಿನಿಂದ ಬಂದವನು ಕಮಲಾಕ್ಷ. ಬಂಟ್ವಾಳದವನು, ಈ ಬ್ರಾಂಚಿಗೆ ಬಂದು ಎರಡು ತಿಂಗಳಾಗಿತ್ತು. ತೆಳ್ಳಗಿನ ಆಳು, ಕಿವಿಯ ಮೇಲೆ ಪೆನ್ಸಿಲು, ಬೆರಳ ತುದಿಗೆಲ್ಲ ಹೊಗೆಸೊಪ್ಪಿನ ಪುಡಿ. ಹೆಂಗಸರು ಕಟ್ಟಿ ತಂದ ಬೀಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಸರಿ ಇಲ್ಲದ್ದನ್ನು ಕಟ್ಟಿದವರ ಕಣ್ಣೆದುರೇ ಮುರಿದು ಹಾಕುವುದು ಅವನ ಕೆಲಸ. ಮೊಸರಿನಲ್ಲಿ ಕಲ್ಲು ಹುಡುಕುವವ ಎಂದು ಊರಿನ ಹೆಂಗಸರು ಅವನಿಗೆ ಆಗಲೇ ಹೆಸರಿಟ್ಟಿದ್ದರು.

“ನಿನ್ನೆ ನನ್ನ ಅಮ್ಮನ ಹತ್ತಿರ ಎಂತ ಹೇಳಿದ್ರಿ ನೀವು?”

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಯಾರೆಂದು ಗೊತ್ತಾಯಿತು.

“ಬೀಡಿ ಕಟ್ಟುವುದು ಕೈಯಲ್ಲಿ, ಕಾಲಿನಲ್ಲಿ ಅಲ್ಲ ಅಂತ ಹೇಳಿದೆ.”

ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಹಿಂದಿನ ದಿನ ಅವಳ ಅಮ್ಮ ಇದೇ ಮಾತನ್ನು ಕೇಳಿ ಅಳುತ್ತಾ ಮನೆಗೆ ಬಂದಿದ್ದರು. ನನ್ನ ಮಗಳು ಬೆನ್ನಿಗೆ ಪೆಟ್ಟಾಗಿ ಬಿದ್ದುಕೊಂಡಿದ್ದಾಳೆ, ಸ್ವಲ್ಪ ನೋಡಿ ಪಾಸು ಮಾಡಿ ಎಂದು ಅವರು ಕೈ ಮುಗಿದಿದ್ದರಂತೆ. ಅದಕ್ಕೆ ಈ ಪುಣ್ಯಾತ್ಮ ಕೊಟ್ಟ ಉತ್ತರ ಅದು.

ಕ್ಷಮೆ ಕೇಳುತ್ತಾನೆ ಎಂದುಕೊಂಡಿದ್ದಳು ಪ್ರೇಮಾವತಿ. ಅವನು ಒಳಗೆ ಹೋಗಿ ಒಂದು ಗೆರಸೆ ತಂದು ಗಾಡಿಯ ಅಂಚಿಗಿಟ್ಟ. ಅದರಲ್ಲಿ ಅವಳದೇ ಬೀಡಿಗಳು. ಒಂದನ್ನು ಬಿಚ್ಚಿ ತೋರಿಸಿದ. ಎಲೆಯ ನರ ಹೊರಗೆ ಬಂದಿದೆ, ಹಾಗಾಗಿ ಸುತ್ತು ಬಿಗಿಯಾಗಿಲ್ಲ. ಮೂತಿ ಮಡಚಿದ್ದು ಸಡಿಲ, ಪುಡಿ ಉದುರುತ್ತದೆ. ಎಲೆಯನ್ನು ಒದ್ದೆ ಗೋಣಿಯಲ್ಲಿ ಇನ್ನೂ ಹೆಚ್ಚು ಹೊತ್ತು ಇಡಬೇಕಿತ್ತು. ಹೇಳುತ್ತಾ ಹೇಳುತ್ತಾ ಮೂವತ್ತೊಂದು ಬೀಡಿಗಳನ್ನು ಅವಳ ಕಣ್ಣೆದುರೇ ಟಕ್ ಟಕ್ ಎಂದು ಮುರಿದ. ಮಾರಾಯ, ಎಂಥ ಗಂಡಸು!

“ನಿಮ್ಮ ಕೈ ಗಟ್ಟಿ ಉಂಟು. ಕಲಿತರೆ ಬರ್ತದೆ,” ಅಂದ. “ಕಲಿಯುವುದಿಲ್ಲ ಅಂತಾದರೆ ಬೇರೆ ವಿಷಯ.”

ಗಾಡಿ ಲಾಯಿಲಕ್ಕೆ ತಿರುಗಿತು. ದಾರಿಯುದ್ದ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಸಿಟ್ಟು ಎಂದುಕೊಂಡಳು. ಅರ್ಧ ದಾರಿ ಕಳೆದ ಮೇಲೆ ಅದು ಸಿಟ್ಟು ಮಾತ್ರ ಅಲ್ಲ ಎಂದು ತಿಳಿಯಿತು.

‘ಇವನು ನನ್ನ ಕಾಲನ್ನು ನೋಡಲೇ ಇಲ್ಲ... ಕೈಯನ್ನು ನೋಡಿದ...’

ಓದುಗರೇ, ಇಲ್ಲಿ ನಾನು ಸ್ವಲ್ಪ ಜಗಳ ಮಾಡಬೇಕು. ನಮ್ಮ ಕಡೆಯವರಿಗೆ ಒಂದು ಶಬ್ದ ಉಂಟು, ಪಾಪ. ಕಷ್ಟದಲ್ಲಿರುವವರನ್ನು ಕಂಡರೆ ಸಾಕು, “ಪಾಪ” ಎಂದು ಕೆನ್ನೆಗೆ ಕೈ ಹಚ್ಚಿ ನಿಲ್ಲುತ್ತಾರೆ. ಕೆಟ್ಟವರಲ್ಲ, ಒಳ್ಳೆಯವರೇ. ಆದರೆ ಆ ಶಬ್ದ ಹೇಳಿದವರಿಗೆ ಪುಣ್ಯ, ಹೇಳಿಸಿಕೊಂಡವರಿಗೆ ಹಾಸಿಗೆ! ಪ್ರೇಮಾವತಿಗೆ ಆದದ್ದು ಇದೇ.

ಐವತ್ತಾರನೇ ಇಸವಿಯ ಮಳೆಗಾಲದ ಆರಂಭದಲ್ಲಿ, ಗದ್ದೆಗೆ ಹಾಕುವ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟುವಾಗ ಅವಳು ಜಾರಿ ಕೆಳಗಿನ ಬಂಡೆಯ ಮೇಲೆ ಬೆನ್ನು ಕೊಟ್ಟು ಬಿದ್ದಳು. ಸೊಂಟದಿಂದ ಕೆಳಗೆ ಏನೂ ತಿಳಿಯಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಎಂಟು ತಿಂಗಳು. ಬೆನ್ನುಹುರಿ ಪೂರ್ತಿ ಹರಿದಿಲ್ಲ, ಜಜ್ಜಿದೆ ಎಂದರು ಡಾಕ್ಟರು. ಎಡಗಾಲಿಗೆ ನಿಧಾನವಾಗಿ ಬಲ ಬಂತು. ಬಲಗಾಲಿಗೆ ಬರಲಿಲ್ಲ. ಆ ಕಾಲಿಗೆಂದು ತೊಡೆಯವರೆಗೆ ಬರುವ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು ಇರುವ ಒಂದು ಬೂಟು ಮಾಡಿಸಿ ಕೊಟ್ಟರು. ಸ್ಪರ್ಶ ಇಲ್ಲದ ಚರ್ಮವನ್ನು ದಿನಾ ಕನ್ನಡಿ ಹಿಡಿದು ನೋಡಿಕೊಳ್ಳುವುದನ್ನು, ಕೈಯ ಬಲದಲ್ಲಿ ಮೈ ಎತ್ತುವುದನ್ನು, ನಿಲ್ಲುವುದನ್ನು ನರ್ಸಮ್ಮ ಕಲಿಸಿದರು. ಬಿಡದೆ ಅಭ್ಯಾಸ ಮಾಡಿದರೆ ನೀನು ನಡೆಯುತ್ತೀ ಎಂದು ಹೇಳಿ ಕಳಿಸಿದರು.

ಮನೆಗೆ ಬಂದಳು. ಅಮ್ಮ ಊಟ ಹಾಸಿಗೆಗೇ ತಂದರು. ತಂದೆಯಿಲ್ಲದ ಆ ಮನೆಯ ಯಜಮಾನ, ಅಮ್ಮನ ಅಣ್ಣ ಚಿನ್ನಯ್ಯ ಮಾವ, ಅವಳನ್ನು ಮಗುವಿನ ಹಾಗೆ ಎತ್ತಿ ಅಲ್ಲಿಂದಿಲ್ಲಿಗೆ ಕೂರಿಸಿದರು. ಆ ಕಬ್ಬಿಣದ ಬೂಟು ಕಂಡರೆ ಮಗಳಿಗೆ ಅಳು ಬರುತ್ತದೆ ಎಂದು ಅಮ್ಮ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅಟ್ಟದಲ್ಲಿ ಬೂಟು, ಕೆಳಗೆ ಮಗಳು, ಇಬ್ಬರೂ ಧೂಳು ತಿಂದರು. ಹೊತ್ತು ಹೋಗಲಿ ಎಂದು ನೆರೆಮನೆಯ ಸೌದಾ ಬೀಡಿ ಕಟ್ಟಲು ಕಲಿಸಿದ್ದಳು, ಅಷ್ಟೇ.

ಆ ಮಧ್ಯಾಹ್ನ ಗಾಡಿಯಿಂದ ಇಳಿಸಲು ಮಾವ ಕೈ ಚಾಚಿದರು. ಅವಳು ಅವರ ಕೈ ಹಿಡಿಯಲಿಲ್ಲ.

“ಮಾವ, ಅಟ್ಟದಿಂದ ನನ್ನ ಬೂಟು ಇಳಿಸಿ ಕೊಡಿ. ಅಂಗಳದಲ್ಲಿ ನನಗೆ ಎರಡು ಬಿದಿರು ಕಟ್ಟಿಸಬೇಕು. ಸೊಂಟದ ಎತ್ತರಕ್ಕೆ.”

ಮಾವ ಅಮ್ಮನ ಮುಖ ನೋಡಿದರು. ಅಮ್ಮ ಬೇಡ ಎಂದು ತಲೆಯಾಡಿಸಿದರು. ಪ್ರೇಮಾವತಿ ಹುಕ್ರಪ್ಪನ ಕಡೆ ತಿರುಗಿ ನಾಳೆಯೇ ಬಿದಿರು ಕಡಿದು ತರಲು ಹೇಳಿದಳು. ಅವನು ತಂದ.

ಮೊದಲ ದಿನ ಬಿದಿರು ಹಿಡಿದು ನಿಂತದ್ದು ಮೂವತ್ತು ಎಣಿಸುವಷ್ಟು ಹೊತ್ತು. ಕಣ್ಣು ಕತ್ತಲೆ ಬಂತು. ಎರಡನೇ ದಿನ ಐವತ್ತು. ಒಂದು ವಾರಕ್ಕೆ ಬಲಗಾಲನ್ನು ಸೊಂಟದಿಂದ ಬೀಸಿ ಒಂದು ಹೆಜ್ಜೆ. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದವರು, ಅವಳು ಬಿದ್ದಾಗಲೆಲ್ಲ ಓಡಿ ಬರುತ್ತಿದ್ದರು. ಓಡಿ ಬರಬೇಡಿ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಮಾವನೇ ತಂಗಿಯನ್ನು ಕರೆದು ಕೂರಿಸಿ, ಬೀಳುವುದಕ್ಕೂ ಅವಳಿಗೆ ಜಾಗ ಕೊಡುವ ಎಂದು ಬುದ್ಧಿ ಹೇಳಿದರು.

ಬೆಳಿಗ್ಗೆ ಬಿದಿರು, ಮಧ್ಯಾಹ್ನ ಬೀಡಿ. ಎರಡನೇ ವಾರ ಅಮ್ಮನ ಕೈಯಲ್ಲಿ ಬ್ರಾಂಚಿನಿಂದ ಒಂದು ಚೀಟಿ ಬಂತು.

‘ನೂರಕ್ಕೆ ಹದಿನೇಳು ಹಾಳು. ಎಲೆಯ ಕತ್ತರಿಕೆ ಉತ್ತಮ. ಮೂತಿ ಇನ್ನೂ ಸಡಿಲ. ಇತಿ, ಕಮಲಾಕ್ಷ.’

ನಮ್ಮವರು ಮಾತಾಡುವುದು ತುಳು. ಬರೆಯಲು ಕೂತರೆ ಶಾಲೆಯ ಕನ್ನಡ. ಹಾಗಾಗಿ ಎದುರಿಗೆ ಸಿಕ್ಕಿದರೆ ಜಗಳವಾಡುವ ಇಬ್ಬರು, ಚೀಟಿಯಲ್ಲಿ ತಾಲೂಕು ಕಚೇರಿಯ ಗುಮಾಸ್ತರ ಹಾಗೆ ಮರ್ಯಾದೆ ಕೊಟ್ಟುಕೊಂಡರು. ಎಂಟನೇ ತರಗತಿ ಪಾಸಾದ ಪ್ರೇಮಾವತಿ ಉತ್ತರ ಬರೆದಳು.

‘ಮಾನ್ಯ ಚೆಕ್ಕರ್ ಅವರಿಗೆ, ತಾವು ಹಾಳೆಂದ ಹದಿನೇಳರಲ್ಲಿ ಐದು ಬೀಡಿಗಳು ಹಾಳಲ್ಲ. ತಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮತ್ತೊಮ್ಮೆ ನೋಡಬೇಕಾಗಿ ವಿನಂತಿ.’

ಮರುದಿನ ಉತ್ತರ. ‘ನೋಡಿದೆ. ಐದರಲ್ಲಿ ಎರಡು ಹಾಳಲ್ಲ. ತಪ್ಪು ನನ್ನದು. ಮೂರು ಹಾಳೇ.’

ಅವಳು ಆ ಚೀಟಿಯನ್ನು ನಾಲ್ಕು ಸಲ ಓದಿದಳು. ತಪ್ಪು ನನ್ನದು ಎಂದು ಬರೆಯುವ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ. ನೀವು ಕಂಡಿದ್ದರೆ ನನಗೂ ತಿಳಿಸಿ.

ಹದಿನೇಳು ಹನ್ನೊಂದಾಯಿತು, ಹನ್ನೊಂದು ಆರಾಯಿತು. ಅಂಗಳದಲ್ಲಿ ಒಂದು ಹೆಜ್ಜೆ ಹತ್ತಾಯಿತು. ಬೀಡಿಯ ವಿಷಯ ಮುಗಿದ ಮೇಲೆ ಚೀಟಿಯ ಕೊನೆಯಲ್ಲಿ ಒಂದೊಂದು ಸಾಲು ಹೆಚ್ಚಾಗತೊಡಗಿತು. ‘ನಿನ್ನೆ ಬಿದಿರಿನ ಕೊನೆಯವರೆಗೆ ಹೋಗಿ ತಿರುಗಿ ಬಂದೆ’ ಎಂದು ಅವಳು. ‘ತಿರುಗುವುದು ನಡೆಯುವುದಕ್ಕಿಂತ ಕಷ್ಟವೆಂದು ಕೇಳಿದ್ದೇನೆ’ ಎಂದು ಅವನು. ಎಲ್ಲಿ ಕೇಳಿದ, ಯಾರಿಂದ ಕೇಳಿದ ಎಂದು ಬರೆಯಲಿಲ್ಲ.

ಮಳೆಗಾಲದಲ್ಲಿ ಎಲ್ಲ ನಿಂತಿತು. ಬೂಟಿನ ಬೆಲ್ಟು ತೊಡೆಗೆ ಉಜ್ಜಿ ಹುಣ್ಣಾಗಿತ್ತು. ಅವಸರದಲ್ಲಿ ಅವಳು ಎರಡು ದಿನ ಕನ್ನಡಿ ಹಿಡಿದಿರಲಿಲ್ಲ, ನೋವು ಗೊತ್ತಾಗುವ ಚರ್ಮವೂ ಅಲ್ಲ. ಆರು ವಾರ ಬೋರಲು ಮಲಗಿದಳು. ದಿನಾ ತೊಳೆದು ಪಟ್ಟಿ ಕಟ್ಟಿದ್ದು ಅಮ್ಮ. ಆಗಲೂ ಬೀಡಿ ಕಟ್ಟಿದಳು, ಎದೆಯ ಕೆಳಗೆ ದಿಂಬು ಕೊಟ್ಟು, ಕೈ ಮುಂದೆ ಚಾಚಿ. ಆ ಬೀಡಿಗಳಲ್ಲಿ ನೂರಕ್ಕೆ ಇಪ್ಪತ್ತು ಹಾಳು ಎಂದು ಚೀಟಿ ಬಂತು. ಓದಿ ಗಟ್ಟಿಯಾಗಿ ನಕ್ಕಳು. ಹುಣ್ಣಾದವಳೆಂದು ಒಂದು ಬೀಡಿಯನ್ನೂ ಬಿಟ್ಟಿರಲಿಲ್ಲ ಮಹಾಶಯ!

ಆ ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ‘ಹುಣ್ಣು ಪೂರ್ತಿ ಮಾಗುವವರೆಗೆ ಬೂಟು ಹಾಕಬೇಡಿ. ಇದು ಚೆಕ್ಕರ್ ಹೇಳುವುದಲ್ಲ.’

‘ಮತ್ತೆ ಯಾರು ಹೇಳುವುದು?’ ಎಂದು ಬರೆಯಲು ಅವಳ ಕೈ ಓಡಿತು. ಬರೆಯಲಿಲ್ಲ. ಕೆನ್ನೆ ಬಿಸಿಯಾಗಿತ್ತು.

ಹುಣ್ಣು ಮಾಗಿದ ಮೇಲೆ ಅವಳು ಬಿದಿರು ಬಿಟ್ಟು ಎರಡು ಊರುಗೋಲಿನಲ್ಲಿ ನಡೆಯಲು ಕಲಿತಳು. ದೀಪಾವಳಿ ಕಳೆದ ವಾರ ಕಮಲಾಕ್ಷ ಚಿನ್ನಯ್ಯ ಮಾವನನ್ನು ಕಂಡು, ಪ್ರೇಮಾವತಿಯನ್ನು ಮದುವೆಯಾಗುವ ಮನಸ್ಸುಂಟು, ಅವಳ ಮನಸ್ಸು ಕೇಳಿ ತಿಳಿಸಬೇಕು ಎಂದು ನೇರವಾಗಿ ಕೇಳಿದ. ಮಾವ ಮನೆಗೆ ಬಂದು ಹೇಳಿದಾಗ ಅವಳ ಕೈಯಲ್ಲಿದ್ದ ಬೀಡಿ ಬಿಚ್ಚಿಕೊಂಡಿತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆದರೂ ಗತ್ತು ಬಿಡಬೇಕಲ್ಲ! ಇಪ್ಪತ್ತು ದಿನದಲ್ಲಿ ಹೇಳುತ್ತೇನೆ ಎಂದಳು.

ಎಡವಟ್ಟು ಶುರುವಾದದ್ದು ಇಲ್ಲಿಂದ.

ಎರಡನೇ ದಿನದಿಂದ ಬೀಡಿಗಳೆಲ್ಲ ಪಾಸು. ನೂರಕ್ಕೆ ನೂರು. ಚೀಟಿ ಇಲ್ಲ. ಮೊದಲ ದಿನ ಅವಳಿಗೆ ಹೆಮ್ಮೆಯಾಯಿತು. ನಾಲ್ಕನೇ ದಿನ ಸಂಶಯ ಬಂತು. ಅವಳ ಕೈ ಅವಳಿಗೆ ಗೊತ್ತು. ನೂರರಲ್ಲಿ ಎರಡು ಮೂರಾದರೂ ಹಾಳಾಗುತ್ತದೆ. ಚೀಟಿ ಯಾಕಿಲ್ಲ ಎಂದು ಕೇಳಿದರೆ, ಅವರಿಗೆ ಕೆಲಸ ಜಾಸ್ತಿ ಎಂದು ಅಮ್ಮ ಒಲೆಯ ಕಡೆ ತಿರುಗಿದರು.

‘ಹೆಂಡತಿ ಆಗುವವಳೆಂದು ಕಣ್ಣು ಮುಚ್ಚಿದನಾ? ಅಥವಾ... ಅಥವಾ ಇವನಿಗೂ ನಾನು ಪಾಪ ಕಂಡೆನಾ?’

ಹತ್ತು ತಿಂಗಳಲ್ಲಿ ಅವಳು ಕಟ್ಟಿಕೊಂಡದ್ದೆಲ್ಲ ಆ ಒಬ್ಬನ ಮಾತಿನ ಮೇಲೆ ನಿಂತಿತ್ತು. ಅವನು ಮುರಿದದ್ದು ನಿಜವಾಗಿದ್ದರೆ ಪಾಸು ಮಾಡಿದ್ದೂ ನಿಜ. ಪಾಸು ಮಾಡಿದ್ದೇ ಸುಳ್ಳಾದರೆ? ಮದುವೆ ಕೇಳಿದ್ದೂ ಸುಳ್ಳು. ಮತ್ತೆ ಅವಳು ಅದೇ ಹಾಸಿಗೆಯವಳು, ಊಟ ಕೈಗೆ ತಂದು ಕೊಡಬೇಕಾದವಳು. ಗಂಡನ ಮನೆಯಲ್ಲಿ ಬೇರೆ!

ಪರೀಕ್ಷೆ ಮಾಡಿಯೇ ಬಿಡುವ ಎಂದು ಕೂತಳು. ಇಪ್ಪತ್ತೈದು ಬೀಡಿಗಳ ಒಂದು ಕಟ್ಟು. ನರ ಹೊರಗೆ ಬರುವ ಹಾಗೆ ಸುತ್ತಿ, ಪುಡಿ ಅರ್ಧ ತುಂಬಿ, ಮೂತಿಯನ್ನು ಮಡಚಿದ ಹಾಗೆ ಮಾಡಿ ಬಿಟ್ಟು, ಇಪ್ಪತ್ತೈದನ್ನೂ ಶ್ರದ್ಧೆಯಿಂದ ಹಾಳು ಮಾಡಿದಳು. ಒಳ್ಳೆಯ ಕಟ್ಟುಗಳ ನಡುವೆ ಇಟ್ಟು ಕಳಿಸಿದಳು.

ಅಮ್ಮ ಸಂಜೆ ಬಂದು, ಇವತ್ತೂ ಎಲ್ಲ ಪಾಸು ಎಂದರು.

ಪ್ರೇಮಾವತಿ ಆ ಸಂಜೆ ಗಂಜಿ ಮುಟ್ಟಲಿಲ್ಲ. ಬಿದ್ದಾಗ ಅಳದವಳು, ಹುಣ್ಣಿಗೆ ಅಳದವಳು, ಗೋಡೆಯ ಕಡೆ ತಿರುಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ಒಂದು ಚೀಟಿ ಬರೆದಳು.

‘ಮಾನ್ಯರೇ, ತಮ್ಮ ಪ್ರಸ್ತಾಪಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಹಾಳು ಬೀಡಿಯನ್ನು ಪಾಸು ಮಾಡುವ ಗಂಡ ನನಗೆ ಬೇಡ.’

ಇದನ್ನು ಅಮ್ಮನ ಕೈಯಲ್ಲಿ ಕಳಿಸುವುದಿಲ್ಲ, ನಾನೇ ಹೋಗಿ ಅವನ ಮೇಜಿನ ಮೇಲೆ ಇಟ್ಟು ಬರುತ್ತೇನೆ ಎಂದು ನಿಶ್ಚಯಿಸಿದಳು.

ಮರುದಿನ ಹುಕ್ರಪ್ಪನ ಗಾಡಿಯನ್ನು ಪೇಟೆಯ ತುದಿಯಲ್ಲೇ ನಿಲ್ಲಿಸಲು ಹೇಳಿದಳು. ಅಲ್ಲಿಂದ ಬ್ರಾಂಚಿಗೆ ಎಪ್ಪತ್ತು ಹೆಜ್ಜೆ ಇರಬಹುದು. ಜೊತೆಗೆ ಬಂದ ಚಿನ್ನಯ್ಯ ಮಾವನಿಗೆ ಹಿಂದಿನಿಂದ ಬರುವಂತೆ ಹೇಳಿ, ಎರಡು ಊರುಗೋಲು ಊರಿ ಇಳಿದಳು. ಬೀಡಿ ಕೊಡಲು ಬಂದ ಹೆಂಗಸರು, ಸೋಡಾ ಅಂಗಡಿಯವರು, ಬಸ್ಸು ಕಾಯುವವರು, ಎಲ್ಲರ ಕಣ್ಣೂ ಅವಳ ಮೇಲೆ. ಕಬ್ಬಿಣದ ಬೂಟಿನ ಸದ್ದು ರಸ್ತೆಗೆಲ್ಲ ಕೇಳುತ್ತಿತ್ತು.

ಐವತ್ತರ ಹತ್ತಿರ ಹೆಜ್ಜೆ ಆಗಿರಬೇಕು, ಊರುಗೋಲು ಒಂದು ಕಲ್ಲಿಗೆ ತಾಗಿ ಜಾರಿತು. ದೊಪ್ಪನೆ ಬಿದ್ದಳು. ನಾಲ್ಕು ಜನ ಓಡಿ ಬಂದರು.

“ಯಾರೂ ಮುಟ್ಟಬೇಡಿ,” ಅಂದಳು. ಕೂಗಲಿಲ್ಲ, ಹೇಳಿದಳು. “ಏಳ್ಲಿಕ್ಕೆ ನನಗೆ ಗೊತ್ತುಂಟು.”

ಮಗುಚಿದಳು. ಅಂಗೈ ಊರಿ ಎದೆ ಎತ್ತಿದಳು. ಎಡ ಮೊಣಕಾಲು ಮಡಚಿ ಒಳಗೆ ತಂದಳು. ಒಂದು ಊರುಗೋಲು ಹಿಡಿದು, ಅದರ ಮೇಲೆ ಕೈಯಿಂದ ಕೈ ಏರಿಸಿ, ನಿಂತಳು. ಇಡೀ ಪೇಟೆ ನೋಡಿತು. ಕೆಲವರ ಬಾಯಿಯ ತುದಿಗೆ ಬಂದಿದ್ದ ಆ ಶಬ್ದ ಅಲ್ಲೇ ನಿಂತಿತು. ನಾನು ಹೇಳುತ್ತೇನೆ ಕೇಳಿ, ಆ ದಿನ ಲಾಯಿಲದವರೆಂದು ಹೇಳಿಕೊಳ್ಳಲು ನಮಗೆಲ್ಲ ಎದೆ ಉಬ್ಬಿತು. ಚಿನ್ನಯ್ಯ ಮಾವ ಹಿಂದೆ ನಿಂತು ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಂಡರು.

ಮಣ್ಣು ಮೆತ್ತಿದ ಸೀರೆಯಲ್ಲೇ ಅವಳು ಎರಡು ಮೆಟ್ಟಲು ಹತ್ತಿದಳು. ಚೀಟಿ ತೆಗೆದಳು. ಮೇಜಿನ ಹಿಂದೆ ಕೂತಿದ್ದವರು... ಕಮಲಾಕ್ಷ ಅಲ್ಲ!

ದಪ್ಪ ಕನ್ನಡಕದ ಮುದುಕ ರುಕ್ಮಯ್ಯ. ಹಿಂದೆ ಇದೇ ಬ್ರಾಂಚಿನಲ್ಲಿ ಕೆಲಸ ಮಾಡಿ ಬಿಟ್ಟವರು. ಕಮಲಾಕ್ಷನನ್ನು ಬೀಡಿ ಕಂಪೆನಿಯ ಸಾಹುಕಾರ ಅಬ್ದುಲ್ ಸಮದ್ ಅವರು ಮೂಡುಬಿದಿರೆಯ ತಮ್ಮ ಡಿಪೋಗೆ ಕಳಿಸಿ ಎರಡು ವಾರದ ಮೇಲಾಯಿತಂತೆ. ಎಲ್ಲ ಬ್ರಾಂಚಿನ ಬೀಡಿಯೂ ಅಲ್ಲಿಗೆ ಹೋಗುತ್ತದೆ, ಅಲ್ಲಿ ಇನ್ನೊಮ್ಮೆ ಪರೀಕ್ಷೆ. ಅಷ್ಟು ದಿನಕ್ಕೆಂದು ತಾನು ಇಲ್ಲಿ ಕೂತಿದ್ದೇನೆ ಎಂದರು ರುಕ್ಮಯ್ಯ.

“ನನ್ನ ಬೀಡಿ ಪಾಸು ಮಾಡಿದ್ದು ನೀವಾ?”

“ನಿನ್ನ ಕಟ್ಟು ನಾನು ಬಿಚ್ಚಿ ಸಹ ನೋಡುವುದಿಲ್ಲ ಮಗಾ,” ಅಂದರು ಮುದುಕ ಪ್ರೀತಿಯಿಂದ. “ಕಾಲಿಲ್ಲದ ಹುಡುಗಿ ಕಟ್ಟಿದ್ದನ್ನು ಮುರಿದರೆ ದೇವರು ಮೆಚ್ಚುವುದಿಲ್ಲ. ಪಾಪ.”

ಪ್ರೇಮಾವತಿ ತಿರುಗಿ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದರು. ಆಮೇಲೆ ಎಲ್ಲ ಹೊರಬಂತು. ಕಮಲಾಕ್ಷನ ತಾಯಿ ಈ ಮದುವೆಗೆ ಒಪ್ಪಿರಲಿಲ್ಲ. ಮೂಡುಬಿದಿರೆಯ ಕೆಲಸದ ನಡುವೆ ಬಂಟ್ವಾಳಕ್ಕೂ ಹೋಗಿ ತಾಯಿಯನ್ನು ಒಪ್ಪಿಸಿ ಬರುತ್ತೇನೆ ಎಂದು ಅವನು ಹೋಗಿದ್ದ. ಒಂದು ವೇಳೆ ತಾಯಿ ಒಪ್ಪದಿದ್ದರೆ ಮಗಳ ಮನಸ್ಸು ಮುರಿಯುತ್ತದೆ, ವಿಷಯ ಗಟ್ಟಿಯಾಗುವವರೆಗೆ ಹೇಳುವುದೇ ಬೇಡ ಎಂದು ಅಮ್ಮ ಎಲ್ಲರ ಬಾಯಿ ಮುಚ್ಚಿಸಿದ್ದರು.

ಅವಳಿಗೆ ಸಿಟ್ಟು ಮಾಡಲೂ ಪುರುಸೊತ್ತಿರಲಿಲ್ಲ. ಬೇರೊಂದು ನೆನಪಾಯಿತು.

“ರುಕ್ಮಯ್ಯಣ್ಣ, ನಿನ್ನೆ ಕೊಟ್ಟ ಬೀಡಿ ಎಲ್ಲಿ ಉಂಟು?”

ಅದು ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಆಯಿತು ಎಂದರು ಅವರು.

ಅಂದರೆ ಆ ಇಪ್ಪತ್ತೈದು ಹಾಳು ಬೀಡಿ ಈಗ ಕಮಲಾಕ್ಷನ ಮೇಜಿನ ಮೇಲೆ! ಅವಳ ಕಟ್ಟು ಅವಳ ಗಂಟಿನಿಂದಲೇ ಅವನಿಗೆ ಗೊತ್ತಾಗುತ್ತದೆ. ತಾನು ಅತ್ತ ಹೋದದ್ದೇ ತಡ ಇವಳು ಮೋಸ ಶುರು ಮಾಡಿದಳು ಎಂದುಕೊಳ್ಳುವುದಿಲ್ಲವೇ ಅವನು?

“ಮಾವ, ಮೂಡುಬಿದಿರೆಗೆ ಹೋಗುವ. ಈಗಲೇ.”

ಬಸ್ಸಿನ ಮೆಟ್ಟಲು ಬ್ರಾಂಚಿನ ಮೆಟ್ಟಲಿಗಿಂತ ಎತ್ತರ. ಮೊದಲು ಊರುಗೋಲುಗಳನ್ನು ಒಳಗೆ ಎಸೆದಳು, ಕಂಬಿ ಹಿಡಿದು ತೋಳಿನ ಬಲದಲ್ಲಿ ಮೈಯನ್ನೇ ಮೇಲೆತ್ತಿಕೊಂಡಳು. ಹತ್ತು ತಿಂಗಳ ಬಿದಿರು ಹಿಡಿದ ಕೈ ಅದು. ಗುರುವಾಯನಕೆರೆ, ವೇಣೂರು ದಾಟುವಷ್ಟರಲ್ಲಿ ಅವಳು ಬರೆದ ಚೀಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ಕಿಟಕಿಯಿಂದ ಬಿಟ್ಟಳು.

ಡಿಪೋದ ಒಳಗೆ ಬೆಚ್ಚಗಿನ ಹೊಗೆಸೊಪ್ಪಿನ ವಾಸನೆ. ಉದ್ದ ಮೇಜಿನ ಕೊನೆಯಲ್ಲಿ ಕಮಲಾಕ್ಷ ಒಬ್ಬನೇ ಕೂತಿದ್ದ. ಅವನೆದುರು ಬಿಚ್ಚಿದ ಒಂದು ಕಟ್ಟು. ಒಂದು ಬೀಡಿಯನ್ನೂ ಮುರಿದಿರಲಿಲ್ಲ. ಸುಮ್ಮನೆ ನೋಡುತ್ತಾ ಕೂತಿದ್ದ. ಬೂಟಿನ ಸದ್ದಿಗೆ ತಲೆಯೆತ್ತಿದವನು ಎದ್ದು ನಿಂತ.

ಮೊದಲ ಸಲ ಅವನು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನಿಂತಿದ್ದಾಳೆ! ತನ್ನ ಭುಜದೆತ್ತರ ಇದ್ದಾಳೆ ಎಂಬುದೂ ಅವನಿಗೆ ಅಂದೇ ಗೊತ್ತಾದದ್ದು. ಕಣ್ಣು ತುಂಬಿ ಬಂತು. ಚಿನ್ನಯ್ಯ ಮಾವ ಬಹಳ ಬುದ್ಧಿವಂತರು, ಬಸ್ಸಿನ ಸಮಯ ಕೇಳಿ ಬರುತ್ತೇನೆ ಎಂದು ಹೊರಟರು.

“ಇದು ನಿಮ್ಮ ಉತ್ತರ ಅಂತ ತಿಳ್ಕೊಂಡೆ,” ಎಂದು ಕಮಲಾಕ್ಷ ಕಟ್ಟಿನ ಕಡೆ ಕೈ ತೋರಿಸಿದ. “ಒಂದೂ ತಪ್ಪದ ಹಾಗೆ ಇಪ್ಪತ್ತೈದೂ ಹಾಳು. ಬೇಕೂಂತಲೇ ಕಟ್ಟಿದ್ದು. ನನ್ನ ಮದುವೆ ಮಾತಿಗೆ ಇಷ್ಟೇ ಬೆಲೆ ಅಂತ ಹೇಳಿ ಕಳಿಸಿದ್ರಿ ಅಂದ್ಕೊಂಡೆ.”

“ಉತ್ತರ ಅಲ್ಲ. ಪ್ರಶ್ನೆ,” ಅಂದಳು ಅವಳು. “ನೀವು ಸಹ ನನಗೆ ಪಾಪ ಅಂತೀರಾ ಅಂತ ಕೇಳಿದ್ದು. ರುಕ್ಮಯ್ಯಣ್ಣನ ಕೈಯಲ್ಲಿ ಸಿಕ್ಕಿ ಪಾಸಾಯ್ತು. ನೀವು ಇಲ್ಲಿಗೆ ಬಂದದ್ದು ನನಗೆ ಗೊತ್ತೇ ಇರ್ಲಿಲ್ಲ.”

ಅವನು ನಿಧಾನವಾಗಿ ಕುರ್ಚಿಯನ್ನು ಅವಳ ಕಡೆ ಸರಿಸಿದ. ಕೂರಿಸಲು ಬರಲಿಲ್ಲ. ಅವಳೇ ಬೂಟಿನ ಕೊಕ್ಕೆ ಬಿಡಿಸಿ, ಮೊಣಕಾಲು ಮಡಚಿ ಕೂತಳು.

ಆಮೇಲೆ ಅವನು ಹೇಳಿದ್ದು ಅವನ ತಂದೆಯ ಕಥೆ. ಬಂಟ್ವಾಳದ ಕಡವಿನಲ್ಲಿ ದೋಣಿಗೆ ಅಕ್ಕಿ ಮುಡಿ ಹೊರುತ್ತಿದ್ದ ಆಳು. ಒಂದು ದಿನ ಹಲಗೆ ಮುರಿದು ಬಿದ್ದು ಬೆನ್ನು ಹೋಯಿತು. ಒಂಬತ್ತು ವರ್ಷ ಜಗಲಿಯಲ್ಲಿ ಮಲಗಿದರು. ಮನೆಯವರಿಗೆಲ್ಲ ಅವರ ಮೇಲೆ ಪ್ರಾಣ. ನೀರಿನ ಲೋಟ ಎತ್ತಲೂ ಬಿಡಲಿಲ್ಲ. ಒಮ್ಮೆ ಅವರು ಹಗ್ಗ ಹೊಸೆಯಲು ತೆಂಗಿನ ನಾರು ಕೇಳಿದರಂತೆ. ಮಗ ಕಮಲಾಕ್ಷನೇ, ನಿಮಗೆ ಯಾಕೆ ಕಷ್ಟ ಎಂದು ಕೊಡಲಿಲ್ಲ.

“ಅವರು ಬೆನ್ನಿನಿಂದ ಸಾಯ್ಲಿಲ್ಲ,” ಅಂದ. “ಕೈ ಕಟ್ಟಿ ಹಾಕಿ ನಾವು ಸಾಯಿಸಿದ್ದು. ನಿಮ್ಮ ಅಮ್ಮ ಬಂದು ಕೈ ಮುಗಿದಾಗ ನನಗೆ ಅದೇ ನೆನಪಾದದ್ದು. ಕಟುವಾಗಿ ಹೇಳಿದೆ, ಅದು ತಪ್ಪು. ಆದರೆ ಬೀಡಿ ಮುರಿದದ್ದು ತಪ್ಪಲ್ಲ.”

ಪ್ರೇಮಾವತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

“ಮದುವೆಗೆ ಮೊದಲು ನನ್ನಲ್ಲಿ ಇರುವ ಹಾಳನ್ನೆಲ್ಲ ನಾನೇ ಹೇಳ್ತೇನೆ. ಕೇಳಿ.”

ನಾಚಿಕೆಯಾಯಿತು, ಆದರೂ ಹೇಳಿದಳು. ಬಲಗಾಲು ಇನ್ನು ಸರಿಯಾಗುವುದಿಲ್ಲ. ದಿನಾ ಕನ್ನಡಿ ಹಿಡಿದು ಮೈ ನೋಡಿಕೊಳ್ಳಬೇಕು, ಬಿಟ್ಟರೆ ಹುಣ್ಣು. ಮೂತ್ರಕ್ಕೆ ಗಂಟೆ ನೋಡಿ ಹೋಗಬೇಕು, ತನಗೆ ತಾನೇ ತಿಳಿಯುವುದಿಲ್ಲ. ಮಕ್ಕಳಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ, ಆಗಿಯೇ ಆಗುತ್ತದೆ ಎಂದು ಯಾರೂ ಹೇಳಲಿಲ್ಲ. ಕೊಡ ಹೊತ್ತು ನೀರು ತರಲು ಆಗುವುದಿಲ್ಲ. ಕೂತು ಮಾಡುವ ಕೆಲಸ ಯಾವುದನ್ನೂ ಬಿಡುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಉಂಟು.

ಕಮಲಾಕ್ಷ ನಡುವೆ ಬಾಯಿ ಹಾಕದೆ ಎಲ್ಲ ಕೇಳಿದ. ಆಮೇಲೆ ತನ್ನದನ್ನು ಹೇಳಿದ. ಮಾತು ಒರಟು. ಬೀಡಿ ಪರೀಕ್ಷೆ ಮಾಡುವವನೇ ಹೊರತು ಕಟ್ಟಲು ಸರಿಯಾಗಿ ಬರುವುದಿಲ್ಲ. ತಾಯಿ ಇನ್ನೂ ಪೂರ್ತಿ ಒಪ್ಪಿಲ್ಲ, ಹುಡುಗಿಯನ್ನು ಒಮ್ಮೆ ನೋಡುತ್ತೇನೆ ಎನ್ನುವವರೆಗೆ ಬಂದಿದ್ದಾರೆ.

“ನೋಡ್ಲಿ. ನಾನೇ ಬಂಟ್ವಾಳಕ್ಕೆ ಬರ್ತೇನೆ,” ಅಂದಳು. “ಬಸ್ಸು ಹತ್ತಲು ಇವತ್ತು ಕಲಿತಾಯ್ತು.”

“ಹಾಗಾದ್ರೆ... ಒಪ್ಪಿಗೆಯಾ?”

ಅವಳು ತಲೆ ತಗ್ಗಿಸಲಿಲ್ಲ. ಅವನ ಕಣ್ಣು ನೋಡಿಯೇ ಹೇಳಿದಳು.

“ಒಪ್ಪಿಗೆ. ನೀವು ನನ್ನ ಬೀಡಿ ಮುರಿದ ದಿನವೇ ನನಗೆ ನಿಮ್ಮ ಮೇಲೆ ಮನಸ್ಸಾಗಿತ್ತು. ಸಿಟ್ಟು ಅಂದ್ಕೊಂಡಿದ್ದೆ.”

ಅವನು ನಕ್ಕ. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. ಹೊರಗೆ ಚಿನ್ನಯ್ಯ ಮಾವ ಬಸ್ಸಿನ ಸಮಯವನ್ನು ಮೂರನೇ ಸಲ ಕೇಳುತ್ತಿದ್ದರು. ಹೊರಡುವ ಹೊತ್ತಾದಾಗ ಕಮಲಾಕ್ಷ ಏನೋ ಕೇಳಲು ಹಿಂದೆ ಮುಂದೆ ನೋಡಿದ.

“ಒಂದು ವಿಷಯ... ಧಾರೆಯ ಹೊತ್ತಿಗೆ ನಿಲ್ಲಬೇಕಾಗ್ತದೆ. ಮಂಟಪದಲ್ಲಿ ಎಂತ ಮಾಡುವ? ನೀವೇ ಹೇಳಿ.”

“ಎಷ್ಟು ಹೊತ್ತು ನಿಲ್ಲಬೇಕು?”

“ಅರ್ಧ ಗಂಟೆ ಆದೀತು.”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಳ್ಳು ಹೇಳಲು ಇಷ್ಟವಾಗಲಿಲ್ಲ.

“ಹನ್ನೆರಡು ನಿಮಿಷ ನಿಲ್ತೇನೆ. ಕೈಗೆ ನೀರು ಬೀಳುವಾಗ ನಾನು ನಿಂತಿರಬೇಕು. ಅದರ ನಂತರ ಕುರ್ಚಿ.”

“ಒಂದು ಹಾಕಿಸ್ತೇನೆ.”

“ಎರಡು ಹಾಕಿಸಿ,” ಅಂದಳು ಪ್ರೇಮಾವತಿ. “ನಾನು ಕೂತ ಮೇಲೆ ನೀವು ಒಬ್ಬರೇ ನಿಂತು ಎಂತ ಮಾಡ್ತೀರಿ?”